ಐದು ಮಕ್ಕಳಿಂದ ಶುರುವಾದ ಶಾಲೆ: ಬೇಗಂ ರೊಕೆಯಾ

ಬೇಗಂ ರೊಕೆಯಾ ಸಖಾವತ್ ಹುಸೇನ್ ಅವರ ಹೆಸರು ಬಾಂಗ್ಲಾದೇಶದಲ್ಲಿ ಮನೆಮಾತು. ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಕಲ್ಕತ್ತೆಯಲ್ಲಿ ಶಾಲೆ ಕಟ್ಟಿದ ಅವರು ಸ್ವತಃ ಒಂದು ದಿನವೂ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವರಲ್ಲ.

ಅವರು ಹುಟ್ಟಿದ್ದು 1880ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಂಗಪುರ ಜಿಲ್ಲೆಯ ಪೈರಾಬಂದ್ ಎಂಬ ಹಳ್ಳಿಯಲ್ಲಿ. ತಂದೆ ಜಮೀನ್ದಾರರು, ಹಲವು ಭಾಷೆ ಬಲ್ಲವರು. ಗಂಡುಮಕ್ಕಳನ್ನು ಕಲ್ಕತ್ತೆಗೆ ಕಾಲೇಜಿಗೆ ಕಳುಹಿಸಿದರು. ಹೆಣ್ಣುಮಕ್ಕಳಿಗೆ ಕುರ್‌ಆನ್ ಓದುವಷ್ಟು ಅರಬ್ಬಿ, ಜೊತೆಗೆ ಉರ್ದು ಸಾಕು ಎಂದುಕೊಂಡರು. ಊರವರೆಲ್ಲ ಆಡುವ ಬಂಗಾಳಿ ಭಾಷೆ ದೊಡ್ಡ ಮನೆತನದವರಿಗೆ ಗೌರವವಲ್ಲ ಎಂಬ ಭಾವನೆ ಆಗ ಇತ್ತು. ನಮ್ಮ ಮನೆಯಲ್ಲೂ ಉರ್ದುವೇ ಮಾತು. ನನಗೆ ಕನ್ನಡ ಬಂದದ್ದು ಶಾಲೆಯಿಂದ. ಊರಿನ ಭಾಷೆ ಓದಲು ಬಾರದಿದ್ದರೆ ಬ್ಯಾಂಕಿನಲ್ಲಿ ಒಂದು ಚಲನ್ ತುಂಬಿಸಲಿಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಆದ್ದರಿಂದ ರೊಕೆಯಾ ಬಂಗಾಳಿಗಾಗಿ ಪಟ್ಟ ಹಠ ನನಗೆ ಸುಲಭವಾಗಿ ಅರ್ಥವಾಗುತ್ತದೆ.

ಅವರ ಅಕ್ಕ ಕರೀಮುನ್ನೀಸಾ ಮೊದಲು ಆ ದಾರಿ ಹಿಡಿದವರು. ತಮ್ಮಂದಿರು ಓದುವುದನ್ನು ಕೇಳಿಸಿಕೊಂಡು, ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಅಕ್ಷರ ಬರೆದು ಬಂಗಾಳಿ ಕಲಿತರು. ಬಂಧುಗಳ ಟೀಕೆ ಜೋರಾದ ಮೇಲೆ ಅವರ ಓದು ನಿಂತಿತು. ಹದಿನೈದು ತುಂಬುವ ಮೊದಲೇ ಮದುವೆಯೂ ಆಯಿತು. ಆದರೂ ತಂಗಿಗೆ ಬಂಗಾಳಿ ಕಲಿಸಿದ್ದು ಈ ಆಪಾನೇ. ಇಂಗ್ಲಿಷ್ ಹೇಳಿಕೊಟ್ಟದ್ದು ಅಣ್ಣ ಇಬ್ರಾಹಿಂ. ಮನೆಯವರೆಲ್ಲ ಮಲಗಿದ ಮೇಲೆ, ರಾತ್ರಿ ದೀಪದ ಬೆಳಕಿನಲ್ಲಿ ಪಾಠ ನಡೆಯುತ್ತಿತ್ತು.

ಮುಂದೆ ಬಿಹಾರದ ಭಾಗಲಪುರದ ಸೈಯದ್ ಸಖಾವತ್ ಹುಸೇನ್ ಅವರೊಂದಿಗೆ ಮದುವೆಯಾಯಿತು. ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಉರ್ದು ಭಾಷಿಕರು, ವಯಸ್ಸಿನಲ್ಲಿ ಬಹಳ ದೊಡ್ಡವರು. ಹೆಂಡತಿಯ ಓದು ಬರಹಕ್ಕೆ ಅವರೇ ಒತ್ತಾಸೆಯಾಗಿ ನಿಂತರು. 1905ರಲ್ಲಿ ಮದ್ರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ರೊಕೆಯಾ ಬರೆದ 'ಸುಲ್ತಾನಾಸ್ ಡ್ರೀಮ್' ಕಥೆ ಅಚ್ಚಾಯಿತು. ಆ ಕಥೆಯ ದೇಶದಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ವಿಜ್ಞಾನಿಗಳು, ಅಡುಗೆ ಬಿಸಿಲಿನ ಶಾಖದಲ್ಲಿ! ಸೋಲಾರ್ ಕುಕ್ಕರ್ ನೋಡಿದ ನಮಗೆ ಇದು ದೊಡ್ಡದೆನಿಸದು. ಆದರೆ ಬರೆದ ವರ್ಷ ಗಮನಿಸಿ.

ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಕೂಸುಗಳಾಗಿರುವಾಗಲೇ ತೀರಿಕೊಂಡರು. 1909ರ ಮೇ ತಿಂಗಳಲ್ಲಿ ಗಂಡನೂ ಹೋದರು. ಹೆಣ್ಣುಮಕ್ಕಳ ಶಾಲೆಗೆಂದು ಅವರು 10,000 ರೂಪಾಯಿ ತೆಗೆದಿಟ್ಟಿದ್ದರು. ಐದು ತಿಂಗಳೊಳಗೆ ಭಾಗಲಪುರದಲ್ಲಿ 5 ವಿದ್ಯಾರ್ಥಿನಿಯರೊಂದಿಗೆ ಶಾಲೆ ಶುರುವಾಯಿತು. ಆದರೆ ಗಂಡನ ಮೊದಲ ಹೆಂಡತಿಯ ಮಗಳು ಮತ್ತು ಅಳಿಯನೊಂದಿಗೆ ಆಸ್ತಿಯ ತಕರಾರು ಎದ್ದಿತು. ರೊಕೆಯಾ ಊರು ಬಿಟ್ಟು ಕಲ್ಕತ್ತೆಗೆ ಬಂದರು. 1911ರ ಮಾರ್ಚ್ 16ರಂದು ವಲೀಉಲ್ಲಾ ಲೇನಿನ ಒಂದು ಬಾಡಿಗೆ ಮನೆಯಲ್ಲಿ 8 ಮಕ್ಕಳೊಂದಿಗೆ ಸಖಾವತ್ ಮೆಮೋರಿಯಲ್ ಶಾಲೆಯನ್ನು ಮತ್ತೆ ತೆರೆದರು. ಅದೇ ಹೊತ್ತಿಗೆ ಹಣವಿಟ್ಟಿದ್ದ ಬ್ಯಾಂಕ್ ಮುಳುಗಿಹೋಯಿತು. ಕಾಮರ್ಸ್‌ನಲ್ಲಿ ನಾವು ಠೇವಣಿ ವಿಮೆಯ ಬಗ್ಗೆ ಓದುತ್ತೇವಲ್ಲ, ಆಗ ಅದಿರಲಿಲ್ಲ. ಹೋದದ್ದು ಹೋಯಿತು, ಶಾಲೆ ಮಾತ್ರ ನಿಲ್ಲಲಿಲ್ಲ.

ಶಾಲೆ ನಡೆಸುವುದು ಹೇಗೆಂದು ತಿಳಿಯಲು ಅವರು ಬ್ರಹ್ಮ ಸಮಾಜದವರ, ಹಿಂದೂಗಳ ಶಾಲೆಗಳಿಗೆ ಹೋಗಿ ನೋಡಿಕೊಂಡು ಬಂದರು. ಬುರ್ಖಾ ತೊಟ್ಟು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳುಹಿಸಿ ಎಂದು ಕೇಳಿಕೊಂಡರು. ಪರ್ದಾ ಕೆಡುವುದಿಲ್ಲ ಎಂದು ಭರವಸೆ ಕೊಟ್ಟರೆ ಮಾತ್ರ ತಂದೆತಾಯಿ ಒಪ್ಪುತ್ತಿದ್ದರು. ಅದಕ್ಕಾಗಿ ಎಲ್ಲ ಕಡೆ ಮುಚ್ಚಿದ ಬಸ್ಸೊಂದನ್ನು ಮಾಡಿಸಿದರು. ಗಾಳಿಯೂ ಆಡುತ್ತಿರಲಿಲ್ಲ. ಒಳಗೆ ಮಕ್ಕಳು ವಾಂತಿ ಮಾಡಿಕೊಂಡರು, ಎಚ್ಚರ ತಪ್ಪಿದರು, ತಾಯಂದಿರು ದೂರು ಹೇಳಿದರು. ಸರಿ ಎಂದು ಬದಿಯ ಜಾಲರಿ ತೆಗೆಸಿ ಪರದೆ ಕಟ್ಟಿಸಿದರೆ, ಪರದೆ ಗಾಳಿಗೆ ಹಾರಿ ಮಕ್ಕಳು ಕಾಣಿಸುತ್ತಾರೆ, ಇದನ್ನು ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದು ಬೆದರಿಕೆ ಪತ್ರಗಳು ಬಂದವು. ಈ ಪ್ರಸಂಗವನ್ನು ಅವರೇ 'ಅಬರೋಧ್‌ಬಾಸಿನಿ' ಪುಸ್ತಕದಲ್ಲಿ ಬರೆದಿದ್ದಾರೆ. ಓದುವಾಗ ನಗು ಬರುತ್ತದೆ, ಆಮೇಲೆ ಆ ಮಕ್ಕಳ ನೆನಪಾಗುತ್ತದೆ.

ಇನ್ನೊಂದು ತೊಡಕು ಭಾಷೆಯದು. ಮಕ್ಕಳನ್ನು ಕಳುಹಿಸಲು ಒಪ್ಪಿದ ಮನೆಗಳು ಹೆಚ್ಚಾಗಿ ಉರ್ದು ಮಾತಾಡುವವು; ಪಾಠವೂ ಉರ್ದುವಿನಲ್ಲೇ. ಬಂಗಾಳಿ ಮುಸ್ಲಿಂ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಬಂಗಾಳಿಯಲ್ಲಿ ಬರೆದು ಹೆಸರಾದವರಿಗೆ ತಮ್ಮ ಶಾಲೆಯಲ್ಲಿ ಬಂಗಾಳಿ ತರಗತಿಗೆ ಮಕ್ಕಳನ್ನು ಕೂಡಿಸುವುದೇ ಕಷ್ಟವಾಯಿತು. ತರಬೇತಾದ ಮುಸ್ಲಿಂ ಶಿಕ್ಷಕಿಯರೂ ಸಿಗುತ್ತಿರಲಿಲ್ಲ. ಅವರು ಸರ್ಕಾರವನ್ನು ಬಿಡದೆ ಕೇಳಿದ್ದರಿಂದ 1919ರಲ್ಲಿ ಮುಸ್ಲಿಂ ಶಿಕ್ಷಕಿಯರ ತರಬೇತಿ ಶಾಲೆ ತೆರೆಯಿತು. ಅದಕ್ಕೂ ಮೊದಲು 1916ರಲ್ಲಿ ಬಡ ಹೆಂಗಸರಿಗಾಗಿ ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಕಟ್ಟಿದ್ದರು. 1930ರ ಹೊತ್ತಿಗೆ ಶಾಲೆ ಹೈಸ್ಕೂಲಾಗಿ ಬೆಳೆದಿತ್ತು.

1932ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಹೆಂಗಸರ ಹಕ್ಕುಗಳ ಬಗ್ಗೆ ಹಿಂದಿನ ರಾತ್ರಿ ಬರೆಯುತ್ತಿದ್ದ ಲೇಖನ ಅರ್ಧದಲ್ಲೇ ಉಳಿಯಿತು. ಶಾಲೆ ಈಗ ಸರ್ಕಾರದ್ದು. ಕೋಲ್ಕತ್ತಾದ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ಇಂದಿಗೂ ನಡೆಯುತ್ತಿದೆ.