ರಾಯಭಾರಿಯಾಗಿದ್ದ ರಾಣಿ: ಅರಗಾನಿನ ಕ್ಯಾಥರೀನ್

ರಾಯಭಾರಿ ಎಂದೊಡನೆ ಎರಡು ದೇಶಗಳ ನಡುವೆ ಮಾತುಕತೆ ನಡೆಸುವ, ರಾಜಕಾರಣದಲ್ಲಿ ಪಳಗಿದ ಹಿರಿಯ ಪುರುಷನ ಚಿತ್ರ ನಮ್ಮ ಕಣ್ಣ ಮುಂದೆ ಬರುವುದು ಸಹಜ. ಆದರೆ ಯುರೋಪಿನ ಇತಿಹಾಸದಲ್ಲಿ ಆ ಪದವಿಯನ್ನು ಅಲಂಕರಿಸಿದ ಮೊತ್ತಮೊದಲ ಮಹಿಳೆಯೆಂದು ಹೆಸರಾದವಳು ಇಪ್ಪತ್ತೊಂದು ವಯಸ್ಸಿನ ಒಬ್ಬ ವಿಧವೆ. ಆಕೆಯೇ ಮುಂದೆ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಕೈಹಿಡಿದು ರಾಣಿಯಾದ ಅರಗಾನಿನ ಕ್ಯಾಥರೀನ್. ಪತಿಯಿಂದ ಪರಿತ್ಯಕ್ತಳಾದ ಆಕೆಯ ಕಥೆಯನ್ನು ಸಂತ ಥಾಮಸ್ ಮೋರರ ಚರಿತ್ರೆಯೊಡನೆ ನಮ್ಮಲ್ಲಿ ಅನೇಕರು ಓದಿಯೇ ಇದ್ದೇವೆ. ಆದರೆ ಆ ಕಷ್ಟಕಾಲದಲ್ಲಿ ಆಕೆ ತೋರಿದ ಸ್ಥೈರ್ಯ ಎಲ್ಲಿ ಬೇರುಬಿಟ್ಟಿತೆಂಬುದನ್ನು ಅರಿಯಬೇಕಾದರೆ ನಾವು ಆಕೆಯ ತಾರುಣ್ಯದ ದಿನಗಳತ್ತ ತಿರುಗಬೇಕು.

ಕ್ಯಾಥರೀನ್ 1485ರ ಡಿಸೆಂಬರ್ 16ರಂದು ಸ್ಪೇನಿನ ಅಲ್ಕಲಾ ದೆ ಎನಾರೆಸ್ ಎಂಬಲ್ಲಿ ಜನಿಸಿದಳು. ತಂದೆ ಅರಗಾನಿನ ಫರ್ಡಿನೆಂಡ್, ತಾಯಿ ಕಾಸ್ಟೀಲಿನ ಇಸಬೆಲ್ಲಾ. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ, 1489ರ ಮೆದಿನಾ ದೆಲ್ ಕಾಂಪೊ ಒಪ್ಪಂದದಲ್ಲಿ ಇಂಗ್ಲೆಂಡಿನ ಯುವರಾಜ ಆರ್ಥರನೊಡನೆ ಆಕೆಯ ವಿವಾಹ ನಿಶ್ಚಯವಾಯಿತು. ಈ ಸಂಧಾನದಲ್ಲಿ ದುಡಿದವನು ನ್ಯಾಯಶಾಸ್ತ್ರ ಪಂಡಿತನಾದ ರೊದ್ರಿಗೊ ದೆ ಪುಯೆಬ್ಲಾ. ಒಂದು ದೇಶದ ಪ್ರತಿನಿಧಿ ಮತ್ತೊಂದು ದೇಶದ ಆಸ್ಥಾನದಲ್ಲಿ ಶಾಶ್ವತವಾಗಿ ನೆಲೆಸುವ ಪದ್ಧತಿ ಆಗಿನ್ನೂ ಹೊಸದು. ಲಂಡನ್ನಿನಲ್ಲಿ ಸ್ಪೇನಿನ ಪರವಾಗಿ ಹಾಗೆ ನೆಲೆಸಿದವರಲ್ಲಿ ಇವನೇ ಮೊದಲಿಗ.

1501ರ ನವೆಂಬರ್ 14ರಂದು ಲಂಡನ್ನಿನ ಸಂತ ಪೌಲರ ಪ್ರಧಾನಾಲಯದಲ್ಲಿ ವಿವಾಹ ನೆರವೇರಿತು. ಐದು ತಿಂಗಳು ಕಳೆಯುವಷ್ಟರಲ್ಲಿ ಆರ್ಥರ್ ತೀರಿಕೊಂಡ. ಎರಡು ಲಕ್ಷ ಕ್ರೌನ್ ವರದಕ್ಷಿಣೆಯಲ್ಲಿ ಅರ್ಧ ಮಾತ್ರ ಸಂದಾಯವಾಗಿತ್ತು. ಉಳಿದರ್ಧಕ್ಕಾಗಿ ಮಾವ ಏಳನೆಯ ಹೆನ್ರಿ ಹಟ ಹಿಡಿದ. ತಂದೆ ಕೊಡಲೊಲ್ಲದೆ ದಿನ ದೂಡಿದ. ಇಬ್ಬರು ಅರಸರ ಈ ಲೆಕ್ಕಾಚಾರದ ನಡುವೆ ಸಿಕ್ಕಿಬಿದ್ದ ಆ ಹೆಣ್ಣುಮಗಳು ಸೇವಕರಿಗೆ ಸಂಬಳ ಕೊಡಲಾರದೆ, ಮೈಮೇಲಿನ ಉಡುಪಿಗಾಗಿ ಒಡವೆಗಳನ್ನು ಮಾರಿ ಬದುಕಬೇಕಾಯಿತು. ಹೆನ್ರಿಯ ಕಿರಿಯ ಮಗನೊಡನೆ ಮರುವಿವಾಹಕ್ಕೆ ಜಗದ್ಗುರು ಎರಡನೆಯ ಜೂಲಿಯಸರು ವಿಶೇಷ ಅನುಮತಿಯನ್ನು ನೀಡಿದ್ದರೂ ಮದುವೆ ಮಾತ್ರ ಮುಂದೆ ಸಾಗಲಿಲ್ಲ.

ಇಂತಹ ಸ್ಥಿತಿಯಲ್ಲಿ, 1507ರಲ್ಲಿ, ಫರ್ಡಿನೆಂಡ್ ಮಗಳನ್ನೇ ತನ್ನ ರಾಯಭಾರಿಯಾಗಿ ನೇಮಿಸಿ ಅಧಿಕಾರಪತ್ರ ಕಳುಹಿಸಿದ. ಆಕೆ ಗುಪ್ತಲಿಪಿಯಲ್ಲಿ ಪತ್ರ ಬರೆಯುವುದನ್ನು ಕಲಿತಳು. ತನ್ನನ್ನು ಬಡತನದಲ್ಲಿಟ್ಟಿದ್ದ ಅರಸನೆದುರು ತಾಯ್ನಾಡಿನ ಗೌರವಕ್ಕೆ ಕುಂದು ಬಾರದಂತೆ ಮಾತನಾಡುವುದನ್ನೂ ಕಲಿತಳು. ಮರುವರ್ಷ ಸ್ಪೇನಿನಿಂದ ಬಂದ ರಾಯಭಾರಿ ಫುಯೆನ್‌ಸಾಲಿದಾ ದುಡುಕಿನ ಮಾತಿನಿಂದ ಅರಸನ ಕೋಪಕ್ಕೆ ಗುರಿಯಾದ. ಕ್ಯಾಥರೀನಳಾದರೋ ತಾಳ್ಮೆಗೆಡಲಿಲ್ಲ. ಕೊಟ್ಟ ಮಾತನ್ನು ಬಿಡದೆ ಕಾಯುವ ಗುಣ ಆಕೆಯಲ್ಲಿ ಗಟ್ಟಿಗೊಂಡದ್ದು ಈ ವರ್ಷಗಳಲ್ಲಿಯೇ ಎಂಬುದು ನಮ್ಮ ಭಾವನೆ. 1509ರ ಏಪ್ರಿಲ್‌ನಲ್ಲಿ ಮಾವ ಗತಿಸಿದ. ಜೂನ್ 11ರಂದು ಆಕೆ ಎಂಟನೆಯ ಹೆನ್ರಿಯ ಧರ್ಮಪತ್ನಿಯಾದಳು.

ಇಪ್ಪತ್ತು ವರ್ಷಗಳ ನಂತರ ಆ ಸಂಸಾರ ಬಿರುಕು ಬಿಟ್ಟಿತು. ಹುಟ್ಟಿದ ಮಕ್ಕಳಲ್ಲಿ ಬದುಕುಳಿದವಳು ಮೇರಿಯೊಬ್ಬಳೇ. ಗಂಡು ಸಂತಾನವನ್ನು ಬಯಸಿ, ಆನ್ ಬೊಲಿನಳಲ್ಲಿ ಅನುರಕ್ತನಾದ ದೊರೆ, ಅಣ್ಣನ ವಿಧವೆಯೊಡನೆ ತನಗಾದ ಮದುವೆ ಮದುವೆಯೇ ಅಲ್ಲವೆಂದು ವಾದಿಸತೊಡಗಿದ. ಕನ್ಯಾಮಠ ಸೇರಿ ಸಮಸ್ಯೆಯನ್ನು ಮುಗಿಸುವಂತೆ ರೋಮಿನಿಂದ ಬಂದ ಕಾರ್ಡಿನಲ್ ಕಂಪೆಜಿಯೊ ಅವರೇ ಸೂಚಿಸಿದರೂ ಆಕೆ ಒಪ್ಪಲಿಲ್ಲ. 1529ರ ಜೂನ್ 21ರಂದು ತುಂಬಿದ ನ್ಯಾಯಸಭೆಯಲ್ಲಿ ಪತಿಯ ಪಾದದ ಬಳಿ ಮೊಣಕಾಲೂರಿ ನ್ಯಾಯ ಕೇಳಿದಳು. ಬಳಿಕ ಎದ್ದು ಹೊರನಡೆದಳು. ಆಕೆಯ ಮೊರೆ ರೋಮಿಗೆ ಹೋಯಿತು.

ಅದೇ ವರ್ಷ, ಹಿಂದೊಮ್ಮೆ ಆಕೆಯೇ ನಿರ್ವಹಿಸಿದ್ದ ರಾಯಭಾರಕ್ಕೆ ಸವಾಯ್ ಪ್ರಾಂತ್ಯದ ವಕೀಲ ಯುಸ್ಟೇಸ್ ಶಪ್ವೀ ನೇಮಕಗೊಂಡ. ಆಕೆಯ ಅಕ್ಕ ಹ್ವಾನಾಳ ಮಗ, ಚಕ್ರವರ್ತಿ ಐದನೆಯ ಚಾರ್ಲ್ಸ್, ಅವನನ್ನು ಕಳುಹಿಸಿದ್ದ. 1531ರಲ್ಲಿ ಅರಮನೆಯಿಂದ ಹೊರದೂಡಲ್ಪಟ್ಟ ರಾಣಿಗೆ ಮಗಳ ಮುಖ ನೋಡುವುದಕ್ಕೂ ಅವಕಾಶವಿಲ್ಲದಾದಾಗ ಆಕೆಯ ಪರವಾಗಿ ದನಿಯೆತ್ತಿದವನು ಈ ರಾಯಭಾರಿ. 1533ರ ಮೇ ತಿಂಗಳಲ್ಲಿ ಮಹಾಧರ್ಮಾಧ್ಯಕ್ಷ ಕ್ರ್ಯಾನ್ಮರ್ ವಿವಾಹವನ್ನು ಅಸಿಂಧುವೆಂದು ಸಾರಿದರು. 1534ರ ಮಾರ್ಚ್ 23ರಂದು ಜಗದ್ಗುರು ಏಳನೆಯ ಕ್ಲೆಮೆಂಟರು ಅದು ಸಿಂಧುವೆಂದು ತೀರ್ಪಿತ್ತರು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಚಕ್ರವರ್ತಿ ಸೈನ್ಯ ಕಳುಹಿಸಬೇಕೆಂಬುದು ಶಪ್ವೀಯ ಹಂಬಲ. ಆದರೆ ಕ್ಯಾಥರೀನ್ ತನಗಾಗಿ ಪತಿಯ ರಾಜ್ಯದ ಮೇಲೆ ಯುದ್ಧ ಹೂಡುವುದಕ್ಕೆ ಸಮ್ಮತಿಸಲಿಲ್ಲ. ಹುಟ್ಟಿದ ನಾಡು, ಸೇರಿದ ನಾಡು ಎರಡನ್ನೂ ಬೆಸೆಯಬಂದವಳು ಒಂದರ ಕತ್ತಿಯನ್ನು ಇನ್ನೊಂದರ ಕೊರಳಿಗೆ ಹಿಡಿಯಲೊಲ್ಲಳು. ಹಾಗೆಂದು ಆಕೆಯ ಮನಸ್ಸಿನಲ್ಲಿ ತಳಮಳವಿರಲಿಲ್ಲವೆಂದು ನಾವು ತಿಳಿಯಬಾರದು. 1535ರಲ್ಲಿ ಧರ್ಮಾಧ್ಯಕ್ಷ ಜಾನ್ ಫಿಷರ್ ಮತ್ತು ಥಾಮಸ್ ಮೋರರು ವಧಾಸ್ಥಾನವನ್ನೇರಿದರು. 1536ರ ಜನವರಿಯ ಆರಂಭದಲ್ಲಿ ಕಿಂಬೋಲ್ಟನ್ ಕೋಟೆಯಲ್ಲಿ ತನ್ನನ್ನು ಕಾಣಬಂದ ಶಪ್ವೀಯೊಡನೆ ಆಕೆ ತೋಡಿಕೊಂಡದ್ದು ಅದೇ ಸಂಕಟವನ್ನು. ಇಷ್ಟೆಲ್ಲ ಅನರ್ಥಕ್ಕೆ ತನ್ನ ಪಟ್ಟೇ ಕಾರಣವಾಯಿತೇ ಎಂಬ ಪ್ರಶ್ನೆ ಆಕೆಯನ್ನು ಕಾಡುತ್ತಿತ್ತು. ರಾಯಭಾರಿ ಸಂತೈಸಿ ಹೊರಟುಹೋದ ಮೇಲೆ, ಜನವರಿ 7ರಂದು, ಪರಮಪ್ರಸಾದವನ್ನು ಸ್ವೀಕರಿಸಿ ಆಕೆ ಕಣ್ಮುಚ್ಚಿದಳು.

ದೊರೆ ಆಕೆಯನ್ನು ಆರ್ಥರನ ವಿಧವೆಯೆಂದೇ ಪೀಟರ್‌ಬರೋದಲ್ಲಿ ಸಮಾಧಿ ಮಾಡಿಸಿದ. ಇಂದು ಅಲ್ಲಿನ ಪ್ರಧಾನಾಲಯದಲ್ಲಿ ಆ ಸಮಾಧಿಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳು ಆಕೆಯನ್ನು ಇಂಗ್ಲೆಂಡಿನ ರಾಣಿಯೆಂದೇ ಸಾರುತ್ತವೆ. ಆಕೆಯ ಲಾಂಛನವಾಗಿದ್ದ ದಾಳಿಂಬೆಯನ್ನು ಜನರು ಅಲ್ಲಿ ಇರಿಸಿ ಹೋಗುತ್ತಾರೆ.

ಧರ್ಮಸಭೆ ಕ್ಯಾಥರೀನಳನ್ನು ಸಂತರ ಸಾಲಿಗೆ ಸೇರಿಸಿಲ್ಲ. ಆದರೂ ನಮ್ಮ ಕುಟುಂಬಗಳಿಗೆ ಆಕೆಯ ಬಾಳಿನಲ್ಲಿ ಪಾಠವುಂಟು. ಸತ್ಯವನ್ನು ಬಿಟ್ಟುಕೊಡದಿರುವುದು ಒಂದು ಸಾಧನೆ. ಅನ್ಯಾಯ ಮಾಡಿದವರ ಕೇಡನ್ನು ಬಯಸದೆಯೇ ಆ ಸತ್ಯಕ್ಕೆ ಅಂಟಿಕೊಳ್ಳುವುದು ಅದಕ್ಕಿಂತ ಹಿರಿದು. ಮನಸ್ತಾಪದಿಂದ ಒಡೆದ ಮನೆಗಳಲ್ಲಿ ಅಂತಹ ರಾಯಭಾರ ಇಂದಿಗೂ ಬೇಕಾಗಿದೆ.