ದಾರಿಯ ಬುತ್ತಿ: ವಿಲ್ಮಾ ರುಡಾಲ್ಫಳ ಜೀವಿತ

ಓಟದ ಪಂದ್ಯದಲ್ಲಿ ಗೆದ್ದು ಬಂದ ಬಾಲಕಿಯ ಕೊರಳಿನಲ್ಲಿರುವ ಪದಕವನ್ನು ಎಲ್ಲರೂ ಕಾಣುವರು. ಪಂದ್ಯವು ನಡೆದ ಊರಿಗೆ ಆಕೆಯು ಹೋದುದು ಹೇಗೆ, ದಾರಿಯ ಖರ್ಚನ್ನು ಕೊಟ್ಟವರಾರು, ಬುತ್ತಿಯನ್ನು ಕಟ್ಟಿದವರಾರು ಎಂಬುದನ್ನು ವಿಚಾರಿಸುವವರು ವಿರಳ. 1960ನೆಯ ಇಸವಿಯಲ್ಲಿ ರೋಮ್ ನಗರದ ಒಲಿಂಪಿಕ್ ಪಂದ್ಯಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗಳಿಸಿ ಲೋಕವಿಖ್ಯಾತಳಾದ ವಿಲ್ಮಾ ರುಡಾಲ್ಫ್ ಎಂಬ ಅಮೆರಿಕದ ಮಹಿಳೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ, ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳಿಗೂ, ಒಂದು ಕಾಲದಲ್ಲಿ ಶಾಲೆಯ ಬಯಲಿನಲ್ಲಿ ಓಡಿಯಾಡಿದ ಹಳೆಯ ವಿದ್ಯಾರ್ಥಿನಿಯರಿಗೂ ಯೋಚಿಸತಕ್ಕ ವಿಷಯಗಳು ಅನೇಕವಾಗಿ ದೊರೆಯುವುವು.

ವಿಲ್ಮಳು 1940ನೆಯ ಇಸವಿ ಜೂನ್ 23ರಂದು ಟೆನೆಸ್ಸೀ ಸಂಸ್ಥಾನದ ಕ್ಲಾರ್ಕ್ಸ್‌ವಿಲ್ ಪಟ್ಟಣದ ಸಮೀಪದಲ್ಲಿ ದಿನ ತುಂಬುವುದಕ್ಕೆ ಮುಂಚೆಯೇ ಹುಟ್ಟಿದಳು. ಆಗ ಕೂಸಿನ ತೂಕವು ನಾಲ್ಕೂವರೆ ಪೌಂಡು ಮಾತ್ರ. ತಂದೆಯಾದ ಎಡ್ ರುಡಾಲ್ಫನು ರೈಲ್ವೆಯಲ್ಲಿ ಹಮಾಲಿಯಾಗಿದ್ದನು. ತಾಯಿಯಾದ ಬ್ಲಾಂಚಳು ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ತಂದೆಯ ಎರಡು ವಿವಾಹಗಳಿಂದ ಹುಟ್ಟಿದ ಇಪ್ಪತ್ತೆರಡು ಮಕ್ಕಳಲ್ಲಿ ಈಕೆಯು ಇಪ್ಪತ್ತನೆಯವಳು. ಅವರು ಕಪ್ಪು ಜನಾಂಗದವರಾಗಿದ್ದುದರಿಂದ ಬಡತನದ ಜತೆಗೆ ವರ್ಣಭೇದದ ಅವಮಾನವನ್ನೂ ಸಹಿಸಬೇಕಾಗಿತ್ತು. ಆದರೆ ಆ ಮನೆಯಲ್ಲಿ ದೈವಭಕ್ತಿಗೂ ಒಬ್ಬರನ್ನೊಬ್ಬರು ಆತುಕೊಳ್ಳುವ ಪ್ರೀತಿಗೂ ಕೊರತೆಯಿರಲಿಲ್ಲ.

ಬಾಲ್ಯದಲ್ಲಿಯೇ ಈಕೆಯು ನ್ಯುಮೋನಿಯಾ, ಸ್ಕಾರ್ಲೆಟ್ ಜ್ವರ, ಪೋಲಿಯೋ ಎಂಬ ವ್ಯಾಧಿಗಳಿಗೆ ಒಂದಾದ ಮೇಲೊಂದರಂತೆ ಗುರಿಯಾದಳು. ಪೋಲಿಯೋ ರೋಗದಿಂದ ಎಡಗಾಲು ಶಕ್ತಿಗುಂದಿತು. ಕಾಲಿಗೆ ಲೋಹದ ಪಟ್ಟಿಯನ್ನು ಕಟ್ಟಬೇಕಾಯಿತು. ಸಮೀಪದಲ್ಲಿ ಕಪ್ಪು ಜನರಿಗೆ ತಕ್ಕ ಚಿಕಿತ್ಸೆ ದೊರೆಯುವಂತಿರಲಿಲ್ಲ. ಸುಮಾರು ಐವತ್ತು ಮೈಲಿ ದೂರದ ನ್ಯಾಶ್‌ವಿಲ್ ನಗರದಲ್ಲಿ ಮೆಹಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿತ್ತು. ತಾಯಿಯು ಮಗಳನ್ನು ಕರೆದುಕೊಂಡು ವಾರಕ್ಕೊಮ್ಮೆ, ಸುಮಾರು ಎರಡು ವರ್ಷಗಳ ಕಾಲ, ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದಳು. ಆ ಸೀಮೆಯ ಕಟ್ಟಳೆಯಂತೆ ಅವರು ಬಸ್ಸಿನ ಹಿಂಭಾಗದಲ್ಲಿಯೇ ಕುಳಿತುಕೊಳ್ಳಬೇಕಾಗಿತ್ತು. ಮನೆಗೆಲಸದ ಅಲ್ಪ ಸಂಬಳದಲ್ಲಿ ಇಬ್ಬರ ಬಸ್ ಚಾರ್ಜನ್ನು ವಾರವಾರವೂ ಹೊಂದಿಸುವುದು ಎಷ್ಟು ಕಷ್ಟವೆಂಬುದನ್ನು ಸಂಸಾರವಂದಿಗರಿಗೆ ಹೇಳಬೇಕಾದುದಿಲ್ಲ. ಆ ಹಣವು ಪದಕಕ್ಕಾಗಿ ವೆಚ್ಚವಾದುದಲ್ಲ. ಮಗಳು ನಾಲ್ಕು ಹೆಜ್ಜೆ ನಡೆದರೆ ಸಾಕೆಂಬುದೇ ಆ ತಾಯಿಯ ಆಶೆಯಾಗಿತ್ತು. ವೈದ್ಯರು ಕಾಲನ್ನು ನೀವುವ ಕ್ರಮವನ್ನು ಆಕೆಗೆ ಕಲಿಸಿಕೊಟ್ಟರು. ಅಂದಿನಿಂದ ಮನೆಯವರು ಸರದಿಯ ಪ್ರಕಾರ ದಿನಕ್ಕೆ ನಾಲ್ಕು ಸಾರಿ ಮಗುವಿನ ಕಾಲನ್ನು ನೀವುತ್ತಿದ್ದರು. ಹನ್ನೆರಡು ವರ್ಷವಾಗುವ ವೇಳೆಗೆ ವಿಲ್ಮಳು ಪಟ್ಟಿಯ ಹಂಗಿಲ್ಲದೆ ನಡೆಯುವವಳಾದಳು.

ನಡೆದ ಕಾಲು ಓಡಲು ಬಯಸಿತು. ಶಾಲೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಅಕ್ಕನಾದ ಇವಾನಳನ್ನು ಕರೆದಾಗ, ತಂಗಿಯನ್ನೂ ಸೇರಿಸಿಕೊಂಡರೆ ಮಾತ್ರ ಹಿರಿಯಳನ್ನು ಕಳುಹಿಸುವೆನೆಂದು ತಂದೆಯು ಪಟ್ಟುಹಿಡಿದನಂತೆ. ಹೀಗೆ ತಂಡವನ್ನು ಸೇರಿದ ವಿಲ್ಮಳನ್ನು ನ್ಯಾಶ್‌ವಿಲ್‌ನ ಟೆನೆಸ್ಸೀ ಸ್ಟೇಟ್ ಕಾಲೇಜಿನ ಓಟದ ಶಿಕ್ಷಕರಾದ ಎಡ್ ಟೆಂಪಲ್ ಎಂಬವರು ಕಂಡು, ಬೇಸಗೆಯ ರಜೆಯಲ್ಲಿ ತಮ್ಮಲ್ಲಿ ತರಬೇತು ಹೊಂದಲು ಆಹ್ವಾನಿಸಿದರು. ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ ನಡೆದ ದೊಡ್ಡ ಪಂದ್ಯದಲ್ಲಿ ಆಕೆಯು ತಾನು ಓಡಿದ ಓಟಗಳೆಲ್ಲದರಲ್ಲಿಯೂ ಸೋತು ಹಿಂದಿರುಗಿದ್ದಳು. ಆದರೂ ತಾಯಿತಂದೆಗಳು ಮಗಳನ್ನು ತಡೆಯಲಿಲ್ಲ.

ಟೆಂಪಲ್ಲರ ತಂಡಕ್ಕೆ ಹಣದ ಅನುಕೂಲವು ಬಹು ಸ್ವಲ್ಪ. ದೂರದ ಪಂದ್ಯಗಳಿಗೆ ಅವರು ಹುಡುಗಿಯರನ್ನು ಮೋಟಾರಿನಲ್ಲಿ ಕರೆದೊಯ್ಯುತ್ತಿದ್ದರು. ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲದ ಕಾರಣ ಬುತ್ತಿಯನ್ನು ಕಟ್ಟಿಕೊಂಡೇ ಹೊರಡಬೇಕಾಗಿತ್ತು.

1956ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ವಿಲ್ಮಳು ಮೆಲ್ಬರ್ನಿನ ಒಲಿಂಪಿಕ್ ಪಂದ್ಯಗಳಿಗೆ ಆಯ್ಕೆಯಾದಳು. ಸಮುದ್ರದಾಚೆಯ ಪ್ರಯಾಣಕ್ಕೆ ತಕ್ಕ ಉಡುಪಾಗಲಿ ಪೆಟ್ಟಿಗೆಯಾಗಲಿ ಆ ಬಡವರ ಮನೆಯಲ್ಲಿ ಇರಲಿಲ್ಲ. ಆಗ ಕ್ಲಾರ್ಕ್ಸ್‌ವಿಲ್‌ನ ವರ್ತಕರೂ ಊರವರೂ ಮುಂದೆ ಬಂದು ಅವುಗಳನ್ನು ಒದಗಿಸಿದರು. ಅಲ್ಲಿ 200 ಮೀಟರ್ ಓಟದ ಆರಂಭದ ಸುತ್ತುಗಳಲ್ಲಿಯೇ ಆಕೆಯು ಹಿಂದೆ ಬಿದ್ದಳು. ಆದರೆ ನಾಲ್ವರು ಕೂಡಿ ಓಡುವ ರಿಲೇ ಓಟದಲ್ಲಿ ಆಕೆಯ ತಂಡಕ್ಕೆ ಕಂಚಿನ ಪದಕವು ದೊರೆಯಿತು. ಹಿಂದಿರುಗಿದ ಮೇಲೆ ಶಾಲೆಯ ಸಂಗಾತಿಗಳು ಆ ಪದಕವನ್ನು ಕೈಯಿಂದ ಕೈಗೆ ದಾಟಿಸಿ ನೋಡಿ ಸಂತೋಷಿಸಿದರು.

ಮುಂದೆ ಆಕೆಯು ಟೆಂಪಲ್ಲರ ಕಾಲೇಜನ್ನೇ ಸೇರಿದಳು. ಓಟಗಾರ್ತಿಯರಿಗೆ ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವಿರಲಿಲ್ಲ; ದಿನಕ್ಕೆ ಎರಡು ತಾಸು ಕಾಲೇಜಿನ ಕೆಲಸಗಳನ್ನು ಮಾಡಿ ಫೀಜಿನ ಹೊರೆಯನ್ನು ತೀರಿಸಬೇಕಾಗಿತ್ತು. ಹೀಗೆ ದುಡಿದು, ಓದಿ, ಓಡಿದವಳು 1960ರಲ್ಲಿ ರೋಮಿನಲ್ಲಿ 100 ಮೀಟರನ್ನು 11.0 ಸೆಕೆಂಡುಗಳಲ್ಲಿಯೂ 200 ಮೀಟರನ್ನು 24.0 ಸೆಕೆಂಡುಗಳಲ್ಲಿಯೂ ಓಡಿ ಗೆದ್ದಳು. ಮೂರನೆಯ ಚಿನ್ನವು ರಿಲೇ ಓಟದಲ್ಲಿ ಬಂದಿತು. ಆ ತಂಡದ ಮಾರ್ತಾ ಹಡ್ಸನ್, ಲೂಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್ ಎಂಬ ಉಳಿದ ಮೂವರೂ ಅದೇ ಕಾಲೇಜಿನ ಹುಡುಗಿಯರು. ಒಂದೇ ಒಲಿಂಪಿಕ್ಕಿನಲ್ಲಿ ಓಟದ ಮೂರು ಚಿನ್ನಗಳನ್ನು ಗೆದ್ದ ಮೊದಲನೆಯ ಅಮೆರಿಕನ್ ಮಹಿಳೆಯೆಂಬ ಕೀರ್ತಿಯು ವಿಲ್ಮಳದಾಯಿತು.

ಹುಟ್ಟೂರಿನವರು ಆಕೆಯನ್ನು ಮೆರವಣಿಗೆಯಲ್ಲಿ ಎದುರುಗೊಳ್ಳಲು ನಿಶ್ಚಯಿಸಿದಾಗ, ಬಿಳಿಯರನ್ನೂ ಕರಿಯರನ್ನೂ ಬೇರ್ಪಡಿಸುವ ಸಮಾರಂಭಕ್ಕೆ ತಾನು ಬರುವುದಿಲ್ಲವೆಂದು ಆಕೆಯು ತಿಳಿಸಿದಳು. ಆದಕಾರಣ 1960ನೆಯ ಇಸವಿ ಅಕ್ಟೋಬರ್ 4ರಂದು ಆ ಪಟ್ಟಣದಲ್ಲಿ ಉಭಯ ವರ್ಣದವರೂ ಒಂದೇ ಬೀದಿಯಲ್ಲಿ ನಿಂತು, ಒಂದೇ ಔತಣದಲ್ಲಿ ಕುಳಿತರು. ಬಸ್ಸಿನ ಹಿಂಭಾಗದಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದ ಮಗುವು ಊರಿಗೆ ಸಲ್ಲಿಸಿದ ಋಣವು ಇದು.

1962ರಲ್ಲಿ ಓಟದಿಂದ ನಿವೃತ್ತಳಾಗಿ, 1963ರಲ್ಲಿ ಪದವಿಯನ್ನು ಪಡೆದು, ಕ್ಲಾರ್ಕ್ಸ್‌ವಿಲ್‌ನಲ್ಲಿಯೇ ಮಕ್ಕಳಿಗೆ ಉಪಾಧ್ಯಾಯಿನಿಯಾದಳು. ಚಿನ್ನದ ಪದಕಗಳಿಂದ ಆಕೆಗೆ ಐಶ್ವರ್ಯವೇನೂ ಬರಲಿಲ್ಲ. ಆದರೂ ತನ್ನ ದಾರಿಗೆ ಇತರರು ಕೊಟ್ಟುದನ್ನು ಮರೆಯದೆ, 1981ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ತನ್ನ ಹೆಸರಿನ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಬಾಲ ಕ್ರೀಡಾಪಟುಗಳಿಗೆ ಧರ್ಮಾರ್ಥವಾಗಿ ತರಬೇತನ್ನು ಕೊಡಿಸಿದಳು. 1994ನೆಯ ಇಸವಿ ನವೆಂಬರ್ 12ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ರೋಗದಿಂದ ಮೃತಳಾದಳು.

ಪ್ರಿಯ ವಾಚಕರೇ, ಈಕೆಯ ಓಟದ ವೆಚ್ಚವನ್ನು ಯಾವ ಧನಿಕನೂ ಒಬ್ಬನೇ ಹೊತ್ತವನಲ್ಲ. ತಾಯಿಯ ಬಸ್ ಚಾರ್ಜು, ಒಡಹುಟ್ಟಿದವರ ಕೈಸೇವೆ, ತಂದೆಯ ಅನುಮತಿ, ಗುರುವಿನ ಮೋಟಾರು, ಅಂಗಡಿಯವರು ಕೊಟ್ಟ ಪೆಟ್ಟಿಗೆ, ಸ್ವಂತ ದುಡಿಮೆಯ ಎರಡು ತಾಸು: ಒಂದೊಂದೂ ಅಲ್ಪವೇ. ಕೊಟ್ಟ ದಿನ ರೋಮಿನ ಜಯವನ್ನು ಅವರಲ್ಲಿ ಯಾರೂ ಬಲ್ಲವರಾಗಿರಲಿಲ್ಲ. ಪಂದ್ಯಕ್ಕೆ ಹೋಗಬೇಕೆಂದು ಮಗಳು ದಾರಿಯ ಖರ್ಚನ್ನು ಕೇಳಿದಾಗ, ಗೆದ್ದು ಬರುವಳೋ ಇಲ್ಲವೋ ಎಂದು ಲೆಕ್ಕ ಹಾಕುವುದು ನಮ್ಮಲ್ಲಿ ವಾಡಿಕೆ. ಗೆಲ್ಲುವವಳು ಒಬ್ಬಳೇ, ಸೋತವರೂ ದೃಢವಾದ ದೇಹವನ್ನೂ, ಪರಸ್ಥಳದಲ್ಲಿ ಅಂಜದೆ ನಿಲ್ಲುವ ಧೈರ್ಯವನ್ನೂ ಮನೆಗೆ ತರುವರು. ಮನೆಯವರಿಗೆ ಶಕ್ತಿಯಿಲ್ಲದ ಕಡೆ, ಈ ಶಾಲೆಯ ಉಪಕಾರವನ್ನು ಪಡೆದ ಹಿರಿಯ ಸಹೋದರಿಯರು ಒಂದು ಬಾಲಕಿಯ ಪ್ರಯಾಣದ ಚೀಟಿಯನ್ನಾದರೂ ವಹಿಸಿಕೊಳ್ಳಲಿ. ಸಣ್ಣ ಕೈಗಳು ತಂದ ಸ್ವಲ್ಪವನ್ನು ಆಶೀರ್ವದಿಸಿ ಬಹುಜನರಿಗೆ ಸಾಕಾಗುವಂತೆ ಮಾಡಿದ ಕರ್ತನು ಅದನ್ನೂ ವೃದ್ಧಿಪಡಿಸುವನು.