ಸ್ಯಾಮ್ ಕುಕ್: ಒಂದು ಹಾಡಿನ ಹುಟ್ಟು ಮತ್ತು ಬಾಳು

ಅಮೆರಿಕದ ‘ಸೋಲ್’ ಸಂಗೀತವು ಇಗರ್ಜಿಯಲ್ಲಿ ಹುಟ್ಟಿ ಬೀದಿಗೆ ಇಳಿದು ಬಂದ ಸಂಗೀತ. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಸ್ಯಾಮ್ ಕುಕ್ ಅಗ್ರಗಣ್ಯನು. ಈತನು 1931ನೆಯ ಇಸವಿ ಜನವರಿ 22ರಂದು ಮಿಸಿಸಿಪಿ ಪ್ರಾಂತದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಧರ್ಮೋಪದೇಶಕ. ಬಾಲ್ಯದಲ್ಲಿಯೇ ಸಂಸಾರವು ಶಿಕಾಗೋ ನಗರಕ್ಕೆ ವಲಸೆ ಹೋಯಿತು. ಹತ್ತೊಂಬತ್ತು ವರ್ಷ ವಯಸ್ಸಿನಲ್ಲಿ ಈತನು ‘ಸೋಲ್ ಸ್ಟಿರರ್ಸ್’ ಎಂಬ ಪ್ರಸಿದ್ಧ ಭಜನಮೇಳವನ್ನು ಸೇರಿ ಅದರ ಪ್ರಧಾನ ಗಾಯಕನಾದನು. 1957ರಲ್ಲಿ ‘ಯೂ ಸೆಂಡ್ ಮೀ’ ಎಂಬ ಪ್ರೇಮಗೀತೆಯನ್ನು ಹಾಡಿದಾಗ ಹಳೆಯ ಭಕ್ತರಲ್ಲಿ ಅನೇಕರು ಮುನಿದರು. ಇಡಿಯ ದೇಶವೇ ಒಲಿಯಿತು.

ಕೀರ್ತಿ ಬಂದರೂ ವರ್ಣಭೇದವು ಬಿಡಲಿಲ್ಲ. 1963ರ ಅಕ್ಟೋಬರಿನಲ್ಲಿ ಲೂಯಿಸಿಯಾನದ ಶ್ರೀವ್‌ಪೋರ್ಟ್ ನಗರದ ವಸತಿಗೃಹವೊಂದರಲ್ಲಿ, ಮೊದಲೇ ಕೊಠಡಿಯನ್ನು ಗೊತ್ತುಮಾಡಿದ್ದರೂ, ಈತನಿಗೆ ಪ್ರವೇಶ ದೊರೆಯಲಿಲ್ಲ. ಪ್ರತಿಭಟಿಸಿದ್ದಕ್ಕೆ ಬಂಧನವಾಯಿತು. ಬಿಳಿಯ ತರುಣನಾದ ಬಾಬ್ ಡಿಲನ್ನನು ಬರೆದ ‘ಬ್ಲೋಯಿಂಗ್ ಇನ್ ದಿ ವಿಂಡ್’ ಹಾಡನ್ನು ಕೇಳಿ, ಇಂಥದನ್ನು ತನ್ನ ಜನರ ಪರವಾಗಿ ತಾನಲ್ಲವೇ ಬರೆಯಬೇಕಾಗಿತ್ತು ಎಂಬ ಕೊರಗು ಆತನನ್ನು ಆಗಲೇ ಕಾಡುತ್ತಿತ್ತು. ಈ ನೋವು, ಈ ಕೊರಗು ಕೂಡಿ ‘ಎ ಚೇಂಜ್ ಈಸ್ ಗಾನಾ ಕಮ್’ ಎಂಬ ಹಾಡಾಯಿತು. 1964ರ ಜನವರಿ 30ರಂದು ಧ್ವನಿಮುದ್ರಣವಾದಾಗ ರೆನೆ ಹಾಲ್ ಎಂಬಾತನು ಅದಕ್ಕೆ ತಂತಿವಾದ್ಯ, ಕೊಂಬು, ನಗಾರಿಗಳ ಗಂಭೀರವಾದ ಮೇಳವನ್ನು ಹೊಂದಿಸಿದನು.

ಅದೇ ವರ್ಷ ಡಿಸೆಂಬರ್ 11ರಂದು ಲಾಸ್ ಏಂಜಲೀಸ್ ನಗರದ ಮೋಟೆಲೊಂದರಲ್ಲಿ ಗುಂಡೇಟಿಗೆ ಗುರಿಯಾಗಿ, ಮೂವತ್ತಮೂರನೆಯ ವಯಸ್ಸಿನಲ್ಲಿ ಕುಕ್ ತೀರಿಕೊಂಡನು. ಹಾಡು ಬಿಡಿ ತಟ್ಟೆಯಾಗಿ ಹೊರಬಂದದ್ದು ಅನಂತರ. ಅದರಲ್ಲಿಯೂ ವರ್ಣಭೇದವನ್ನು ನೇರವಾಗಿ ಹೇಳುವ ಚರಣವನ್ನೇ ಕತ್ತರಿಸಲಾಗಿತ್ತು!

ಹಾಡು ಮಾತ್ರ ಅಳಿಯಲಿಲ್ಲ. 1965ರಲ್ಲಿ ಓಟಿಸ್ ರೆಡಿಂಗ್ ಅದನ್ನು ಒಡೆದ ಕಂಠದ ಮೊರೆಯಾಗಿಸಿದನು. 1967ರಲ್ಲಿ ಅರೀತಾ ಫ್ರಾಂಕ್ಲಿನ್, ಹಳೆಯ ಗೆಳೆಯನೊಬ್ಬನ ಮಾತೆಂದು ನೆನೆಯುವ ಪೀಠಿಕೆಯನ್ನು ತಾನೇ ಸೇರಿಸಿ ಹಾಡಿದಳು. ಆಕೆಯೂ ಧರ್ಮೋಪದೇಶಕನ ಮಗಳು. ಹೀಗಾಗಿ ಹಾಡು ಮರಳಿ ಇಗರ್ಜಿಯ ಮನೆಗೆ ಬಂದಂತಾಯಿತು. 2009ರ ಜನವರಿಯಲ್ಲಿ, ಬರಾಕ್ ಒಬಾಮರ ಅಧಿಕಾರಗ್ರಹಣಕ್ಕೆ ಎರಡು ದಿನ ಮೊದಲು, ಬೆಟ್ಟಿ ಲವೆಟ್ ಎಂಬ ಕಪ್ಪು ಗಾಯಕಿಯೂ ಜಾನ್ ಬಾನ್ ಜೋವಿ ಎಂಬ ಬಿಳಿಯ ಗಾಯಕನೂ ಲಿಂಕನ್ ಸ್ಮಾರಕದ ಮುಂದೆ ಜೊತೆಯಾಗಿ ಅದನ್ನು ಹಾಡಿದರು.

ಬಾಗಿಲು ಮುಚ್ಚಿಸಿಕೊಂಡವನ ಹಾಡು ಕೊನೆಗೆ ರಾಷ್ಟ್ರದ ಹೆಬ್ಬಾಗಿಲಿಗೆ ಬಂದು ನಿಂತಿತು. ಅದನ್ನು ಕಾಣುವ ಭಾಗ್ಯ ಹಾಡಿದವನಿಗಿರಲಿಲ್ಲ. ನೆರಳನ್ನು ತಾನು ಕಾಣೆನೆಂದು ಮರ ನೆಡುವುದನ್ನು ಬಿಡಲಾಗದು ಎಂಬುದಕ್ಕೆ ಆತನ ಬಾಳೇ ಸಾಕ್ಷಿ.